ಮಂಡಕ್ಕಿಯ ದೀಪ

ಆರಿಸಬೇಡ ಬಾಪಾ, ಮಂಡಕ್ಕಿಗೆ ಹೆದರಿಕೆ,
ಅಂದಳು ಶಿಫಾ, ಚಾದರವನ್ನು ತನ್ನ ಮೂಗಿನವರೆಗೆ ಎಳೆದುಕೊಂಡು.
ಬಿಳಿ ಮೊಲ; ಶಾರ್ಜಾದ ಹಕ್ಕಿ ಸಂತೆಯಲ್ಲಿ
ಪಾರಿವಾಳ ಮಾರುವ ಮುದುಕ
ಖರ್ಜೂರದ ರಟ್ಟಿನ ಪೆಟ್ಟಿಗೆಗೆ ಆರು ತೂತು ಕೊರೆದು ಕೊಟ್ಟದ್ದು.
ಐವತ್ತು ದಿರ್ಹಮ್. ಹುಲ್ಲಿನ ಕಟ್ಟಿಗೆ ಬೇರೆ.

ಹಾಗೆ ಬಂದು ಕೂತಿತು ಗೂಡಿನ ಪಕ್ಕ
ಅಣಬೆಯಂಥ ಒಂದು ಪುಟ್ಟ ಹಳದಿ ದೀಪ.
ಮೂರನೆಯ ರಾತ್ರಿ ಮಂಡಕ್ಕಿ ಅದರ ವೈರು ಕಡಿಯಿತು.
ಟ್ರಿಪ್ಪಾಗಿ, ಇಡೀ ಮನೆಯ ಏಸಿ ನಿಂತು,
ಬೆವರಿನಲ್ಲಿ ಎದ್ದೆವು.
ನಾನು ಎಲೆಕ್ಟ್ರಿಷಿಯನ್ ಅಲ್ಲವೇ,
ಹೊಸ ವೈರೆಳೆದೆ, ಕಬ್ಬಿಣದ ಕೊಳವೆ ತೊಡಿಸಿದೆ,
ಹಲ್ಲು ತಾಗದ ಹಾಗೆ ಕ್ಲಿಪ್ಪು ಹೊಡೆದೆ.
ಅದೊಂದು ಅರ್ಜಿ ಇದ್ದೀತೆಂದು
ಹೊಳೆಯಲೇ ಇಲ್ಲ.

ಹದಿನೈದು ದಿನಕ್ಕೆ ಮೊಲ ಹೊರಬರುವುದನ್ನೇ ಬಿಟ್ಟಿತು.
ಹುಲ್ಲು ಹಾಗೇ. ಕೊತ್ತಂಬರಿ ಬಾಡಿ ಹಾಗೇ.
ಕಣ್ಣು ಮಾತ್ರ ತೆರೆದಿತ್ತು. ನಿದ್ದೆಯೋ ಎಚ್ಚರವೋ,
ಮೊಲದ ಕಣ್ಣು ಹೇಳುವುದಿಲ್ಲ.

ಸುಡಾನಿನ ಡಾಕ್ಟರ್ ಹಿಶಾಮ್ ಹಲ್ಲು ನೋಡಿದ,
ಹೊಟ್ಟೆ ಒತ್ತಿ ನೋಡಿದ, ಆಮೇಲೆ ನನ್ನನ್ನು ನೋಡಿದ.
ರಾತ್ರಿ ಬೆಳಕು ಹಚ್ಚಿಡುತ್ತೀರಾ?
ಹೌದು, ಹೆದರಬಾರದೆಂದು.
ನಕ್ಕ. ಇದು ಹಗಲಿನದ್ದಲ್ಲ, ಇರುಳಿನದ್ದೂ ಅಲ್ಲ,
ಮಗ್ರಿಬಿನದ್ದು, ಸುಬಹಿಯದ್ದು.
ಬಾಂಗಿನ ಆಚೀಚೆ ಒಂದು ಗಳಿಗೆ, ಅಷ್ಟೇ ಇದರ ಊರು.
ಅದನ್ನೇ ನೀವು ಅಳಿಸಿದ್ದೀರಿ.

ಆರಿಸಿದೆ.
ಕತ್ತಲೆ ಬರಲಿಲ್ಲ.
ಕೆಳಗೆ ಫಾರ್ಮಸಿಯ ಹಸಿರು, ಶವರ್ಮಾ ಅಂಗಡಿಯ ಕೆಂಪು,
ಎದುರಿಗೆ ಮೂವತ್ತೆಂಟು ಮಾಳಿಗೆಯ ಟವರು,
ಅದರ ಮೈತುಂಬ ಓಡುವ ನೀಲಿ, ನೇರಳೆ, ಮತ್ತೆ ನೀಲಿ
ನಮ್ಮ ಗೋಡೆಯ ಮೇಲೆ, ಮೊಲದ ಕಿವಿಯ ಮೇಲೆ.
ಯಾರ ಕೆಲಸವಪ್ಪಾ ಇದು, ಅಂದಳು ಮೈಮೂನಾ,
ಗೊತ್ತಿದ್ದೂ, ನನ್ನ ಬುತ್ತಿ ಕಟ್ಟುತ್ತಾ.
ರಾತ್ರಿ ಹತ್ತರಿಂದ ಬೆಳಗಿನ ಆರು,
ಆ ನೀಲಿ ತಪ್ಪದೆ ಓಡುವಂತೆ ಕಾಯುವುದಕ್ಕೇ
ನನಗೆ ಸಂಬಳ.

ಕಿಟಕಿಗೆ ಅಡಿಗೆಮನೆಯ ಫಾಯಿಲು ಹಚ್ಚಿದೆವು,
ಮೇಲೊಂದು ಕಂಬಳಿ, ಊರಿಂದ ತಂದು
ಒಮ್ಮೆಯೂ ಹೊದೆಯದ ಕಂಬಳಿ.
ಈಗ ಕಪ್ಪಾಯಿತು, ಬಾವಿಯಂತೆ.
ಸುಬಹಿಯೂ ಒಳಗೆ ಬರುವಂತಿರಲಿಲ್ಲ.
ಒಂದು ಮೂಲೆ ಮಡಚಿ ಗೇಣಗಲ ಬಿಟ್ಟೆವು.
ಆ ಗೇಣಿನಲ್ಲೂ ಟವರೇ ಇಣುಕಿತು.

ಅಣಬೆ ದೀಪ ಶಿಫಾಳ ದಿಂಬಿನ ಬಳಿ ಹೋಗಿತ್ತು.
ಮಂಡಕ್ಕಿಗೆ ಬೇಡವಂತಲ್ಲ, ಅಂದಳು,
ಸುಮ್ಮನೆ, ಹಾಳಾಗದಿರಲಿ ಅಂತ.

ಜುಲೈ ತಿಂಗಳ ಒಂದು ರಾತ್ರಿ
ಮೇಲ್ಛಾವಣಿಯ ಕಂಟ್ರೋಲ್ ಕೋಣೆಯಲ್ಲಿ ನಾನೊಬ್ಬನೇ.
ಪುಸ್ತಕದಲ್ಲಿ ಬರೆದೆ: ಪಶ್ಚಿಮ ಮುಖ, ತಪಾಸಣೆ,
೪.೨೦ರಿಂದ ೪.೪೦.
ಬೆರಳಿಟ್ಟು ಬಿಸ್ಮಿ ಹೇಳಿದೆ.
ಹನ್ನೆರಡು ವರ್ಷದಲ್ಲಿ ಏನನ್ನೂ
ಆರಿಸುವುದಕ್ಕೆಂದು ಹೇಳಿದ್ದಿಲ್ಲ.
ಒಮ್ಮೆಲೇ ಬೇಡ, ದಿಗಿಲು ಬೀಳುತ್ತದೆ, ಅಂದಿದ್ದ ಡಾಕ್ಟರು;
ಸಾಲು ಸಾಲಾಗಿ, ಮೇಲಿನ ಮಾಳಿಗೆಯಿಂದ ಕೆಳಗೆ,
ಲಾಟೀನಿನ ಬತ್ತಿ ಇಳಿಸುವ ಉಮ್ಮನ ಬೆರಳಿನ ಹಾಗೆ.

ಫೋನು ಮಾಡಿದೆ. ಪಿಸುಗುಟ್ಟಿದಳು ಮೈಮೂನಾ:
ಏನು, ನಿಮ್ಮ ಟವರಿಗೆ ಕರೆಂಟು ಹೋಯಿತಾ?
ಇಲ್ಲ. ನೋಡು, ಏನು ಮಾಡುತ್ತಿದೆ?
ಉತ್ತರವಿಲ್ಲ. ಫೋನನ್ನು ನೆಲದ ಹತ್ತಿರ ಹಿಡಿದಿರಬೇಕು.
ಏಸಿಯ ಮೊರೆತ. ತುಂಬ ಹೊತ್ತು ಬರೀ ಮೊರೆತ.
ಆಮೇಲೆ ಒಣಹುಲ್ಲಿನ
ಕರುಂ, ಕರುಂ, ಕರುಂ,
ಯಾರೋ ಸಣ್ಣ ಕತ್ತರಿಯಲ್ಲಿ
ಇರುಳಿನ ಅಂಚು ಕತ್ತರಿಸುತ್ತಿರುವಂತೆ.
ಅಜ್ಮಾನಿನ ಕಡೆ ಆಕಾಶ ಬೂದಿಯಾಗಿತ್ತು.

ತಪಾಸಣೆಯಲ್ಲಿ ಏನು ಸಿಕ್ಕಿತು,
ಬೆಳಿಗ್ಗೆ ಪುಸ್ತಕ ತಿರುವುತ್ತಾ ಕೇಳಿದ ಬಿನೋಯ್.
ಒಂದು ಕಡೆ ಲೂಸ್ ಇದೆ ಸಾರ್,
ನಾಳೆಯೂ ನೋಡಬೇಕಾದೀತು.